ಹತ್ತು ಗಂಟೆ ಹೂವಿನ ಕಾವಲು

ಗುಂಡ್ಲುಪೇಟೆಯ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಏನು ನೆಟ್ಟರೂ ಒಣಗುತ್ತಿತ್ತು. ನಲ್ಲಿಯಲ್ಲಿ ನೀರು ಬರುತ್ತಿದ್ದುದೇ ವಾರಕ್ಕೆರಡು ಸಲ. ಪಕ್ಕದ ಮನೆಯ ಮಲಯಾಳಿ ಹೆಂಗಸು, ನನ್ನ ರವಿಕೆ ಹೊಲಿಯುತ್ತಿದ್ದವರು, ಒಂದು ಹಿಡಿ ಹತ್ತು ಗಂಟೆ ಹೂವಿನ ಕಡ್ಡಿ ಕೊಟ್ಟು, ಮಣ್ಣಿಗೆ ಚುಚ್ಚಿ ಮರೆತುಬಿಡಿ ಟೀಚರ್ ಎಂದಿದ್ದರು. ಮರೆಯುವ ಜಾಯಮಾನ ನನ್ನದಲ್ಲ. ದಪ್ಪ ಎಲೆಯ ಆ ಗಿಡ ನೆಲಕ್ಕಂಟಿಕೊಂಡೇ ಹಬ್ಬಿ ಎರಡೇ ತಿಂಗಳಲ್ಲಿ ಅರ್ಧ ಅಂಗಳ ಮುಚ್ಚಿತು. ಹೂ ಅರಳುವ ಹೊತ್ತಿಗೆ ನಾನು ಬೇಗೂರಿನ ಶಾಲೆಯಲ್ಲಿರುತ್ತಿದ್ದೆ, ಮರಳುವಷ್ಟರಲ್ಲಿ ಮುದುಡಿರುತ್ತಿತ್ತು. ಭಾನುವಾರದ ಹೂ ಮಾತ್ರ ನನ್ನ ಪಾಲು.

ಆಗಲೇ ಹಂಗಳದಿಂದ ಅತ್ತೆ ಬಂದು ಅಡುಗೆ ವಹಿಸಿಕೊಂಡರು. ಸಂಜೆ ಬಂದರೆ ಬಿಸಿ ಮುದ್ದೆ, ಸೊಪ್ಪಿನ ಸಾರು ಸಿದ್ಧ. ಅದೇ ವಾರ ಗಿಡದ ತುದಿಗಳು ಮಾಯವಾಗತೊಡಗಿದವು. ಮೇಕೆಯಾಗಿದ್ದರೆ ಬುಡಸಮೇತ ಎಳೆದಿರುತ್ತಿತ್ತು. ಇದು ಉಗುರಿನಿಂದ ಚಿವುಟಿದ ಗುರುತು.

ಪಕ್ಕದ ಮನೆಯವರ ಜಗಲಿಯಲ್ಲಿ ಮೂರು ಹೊಸ ಕುಂಡ ಕಂಡವು, ಅದೇ ಕಡ್ಡಿ. ಅವರ ಹಳೆಯ ಗಿಡ ಮಳೆಗೆ ಕೊಳೆತದ್ದು ನನಗೆ ಗೊತ್ತಿತ್ತು. ಕೇಳಿದರೆ ತವರಿಂದ ತಂದದ್ದು ಅಂದರು. ಬಸ್ಸು ಹತ್ತಿದ್ದನ್ನು ನಾನಂತೂ ನೋಡಿರಲಿಲ್ಲ. ಆಮೇಲೆ ಅವರು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಶಾಲೆಗೆ ಹೊರಡುವ ಮುಂಚೆ ಗಿಡದ ಸುತ್ತ ಬೂದಿ ಚೆಲ್ಲಿ ಹೋಗುತ್ತಿದ್ದೆ, ಹೆಜ್ಜೆ ಮೂಡಲೆಂದು. ಸಂಜೆಗೆ ಅತ್ತೆ ಅಂಗಳ ಗುಡಿಸಿಟ್ಟಿರುತ್ತಿದ್ದರು.

ಶನಿವಾರ ತಡೆಯಲಾಗಲಿಲ್ಲ. "ಕೇಳಿದ್ರೆ ನಾನೇ ಕೊಡ್ತಿದ್ನಲ್ಲ, ಕದಿಯೋದು ಯಾಕೆ?" ಅಂದುಬಿಟ್ಟೆ. ಅದೂ ಗಿಡ ಕೊಟ್ಟವರಿಗೆ. ಅವರು ಹೊಲಿಗೆ ನಿಲ್ಲಿಸಿ, ಅರ್ಧ ಹೊಲಿದ ನನ್ನ ರವಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು. ಸಿಕ್ಕಿಬಿದ್ದರು ನೋಡು ಎಂದುಕೊಂಡು ಗೆದ್ದವಳಂತೆ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಕಿಟಕಿಯ ಹಿಂದೆ ನಿಂತು ಕಾದೆ. ಅಂಗಳಕ್ಕೆ ಬಂದವರು ಅತ್ತೆ. ಕುಕ್ಕರಗಾಲಲ್ಲಿ ಕೂತು ಚಿವುಟಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಓಡಿಹೋಗಿ ಏನದು ಎಂದೆ.

"ಗೋಣಿಸೊಪ್ಪು ಕಣಮ್ಮಿ. ಬೆರಕೆ ಸೊಪ್ಪಿಗೆ ಇದಿಲ್ದಿದ್ರೆ ರುಚಿನೇ ಇಲ್ಲ. ಮೊನ್ನೆ ನೀನೇ ಎಲ್ಡು ಸತಿ ಬಡಿಸ್ಕೊಂಡ್ಯಲ್ಲ."

ಹೊಲದಲ್ಲಿ ಸಿಕ್ಕ ಹತ್ತಾರು ಸೊಪ್ಪು ಬೆರೆಸಿ ಸಾರು ಮಾಡುವುದು ನಮ್ಮ ಕಡೆಯ ರೂಢಿ. ಹೊಲದಲ್ಲಿ ತಾನಾಗಿ ಹಬ್ಬುವ ಗೋಣಿಸೊಪ್ಪಿನ ಎಲೆಯೂ ದಪ್ಪವೇ, ಅತ್ತೆ ನನ್ನ ಹೂಗಿಡವನ್ನು ಅದೇ ಎಂದುಕೊಂಡಿದ್ದರು. ಕದ್ದ ಮಾಲನ್ನು ವಾರವಿಡೀ ಬಾಯಿ ಚಪ್ಪರಿಸಿ ತಿಂದವಳು ನಾನು.

ನಾಚಿಕೆಯಿಂದ ಕುಗ್ಗಿ ಪಕ್ಕದ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಪರವಾಗಿಲ್ಲ ಟೀಚರ್ ಅಂದರು. ರವಿಕೆಯನ್ನೂ ಮೊದಲಿನಂತೆಯೇ ಹೊಲಿದುಕೊಟ್ಟರು. ಆದರೆ ಅವರ ಒಣಹಾಕಿದ ಬಟ್ಟೆ ಹಾರಿ ನಮ್ಮ ಅಂಗಳಕ್ಕೆ ಬಿದ್ದರೂ ಅವರು ಮತ್ತೆಂದೂ ಒಳಗೆ ಬರಲಿಲ್ಲ. ಗೇಟಿನಾಚೆಯೇ ನಿಂತು ಕರೆಯುತ್ತಿದ್ದರು: "ಟೀಚರ್, ನೀವೇ ಎತ್ತಿಕೊಡಿ."