ಅಜ್ಜಂಪುರದ ಕತ್ತಲೆಗೊಂದು ಮೂರು ಸೆಲ್ಲಿನ ಬ್ಯಾಟ್ರಿ

ಅಜ್ಜಂಪುರಕ್ಕೆ ಬಂದ ಮೊದಲ ಸಂಜೆ ನನಗೆ ಆಕಾಶ ಕಂಡು ಹೆದರಿಕೆಯಾಯಿತು. ಟೆಲಿಫೋನ್ ಎಕ್ಸ್‌ಚೇಂಜಿನ ಮೆಟ್ಟಿಲಿಳಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ನಮ್ಮ ಕಡೆ ಕತ್ತಲೆಯೆಂದರೆ ತುಂಡು ತುಂಡಾಗಿ ಇರುತ್ತದೆ. ಎರಡು ತೆಂಗಿನಮರಗಳ ನಡುವೆ ಒಂದಿಷ್ಟು, ಕೆಂಪು ಮುರಕಲ್ಲಿನ ಗೋಡೆಯ ಆಚೆ ಒಂದಿಷ್ಟು. ಪ್ರತಿ ತಿರುವಿನಲ್ಲಿ ಯಾರದೋ ಮನೆಯ ದೀಪ, ಯಾರದೋ ಮನೆಯ ನಾಯಿ. ಇಲ್ಲಿ ರೈಲ್ವೆ ಹಳಿಯಿಂದ ಹಿಡಿದು ಕಣ್ಣಿಗೆ ಕಾಣದ ಗುಡ್ಡದವರೆಗೂ ಅದು ಒಂದೇ ಹಾಸು. ಮರೆಯಲ್ಲಿ ನಿಲ್ಲೋಣವೆಂದರೆ ಒಂದು ಮರವೂ ಇಲ್ಲ, ನಕ್ಷತ್ರಗಳು ಹೊಲದ ಬದುವಿನವರೆಗೆ ಇಳಿದುಬಿಟ್ಟಿದ್ದವು. ನಾನು ಗೋಡೆ ಹಿಡಿದುಕೊಂಡೇ ಕರೆಂಟು ಬರುವ ತನಕ ನಿಂತಿದ್ದೆ.

ನಾನು ಮಂಗಳೂರಿನ ಹತ್ತಿರದ ಹಳ್ಳಿಯವಳು. ಮನೆಮಾತು ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ಎಪ್ಪತ್ತರ ದಶಕದ ಕೊನೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಾಗ ಅಜ್ಜಂಪುರ ಎಲ್ಲಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಘಟ್ಟ ಹತ್ತಿ, ಕಡೂರಿನಲ್ಲಿ ಬಸ್ಸು ಬದಲಿಸಿ, ಬೀರೂರಿನಲ್ಲಿ ರೈಲು ಹಿಡಿದು ಅಣ್ಣನೇ ನನ್ನನ್ನು ಕರೆತಂದ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವನ ಮಾತೇ ಮಾತು. ಹಿಂದಿರುಗುವ ರೈಲು ಹತ್ತುವಾಗ ಅವನು ಹೇಳಿದ್ದಿಷ್ಟೆ: "ನೋಡು, ನಿನ್ನ ಹೆಸರಿನಲ್ಲಿ ಒಂದೇ ಒಂದು ಸುದ್ದಿ ನನ್ನ ಕಿವಿಗೆ ಬಿದ್ದರೂ ಬಂದು ಕರಕೊಂಡು ಹೋಗ್ತೇನೆ. ಕೆಲಸವೂ ಬೇಡ, ಎಂಥದೂ ಬೇಡ." ನನಗೋ ಆ ಕೆಲಸ ಬೇಕಾಗಿತ್ತು. ಕೆಲಸಕ್ಕಿಂತ ಹೆಚ್ಚಾಗಿ, ನಾನೇ ಬೀಗ ಹಾಕಿ ನಾನೇ ತೆಗೆಯುವ ಒಂದು ಕೋಣೆ ಬೇಕಾಗಿತ್ತು.

ಕೋಣೆ ಸಿಕ್ಕಿದ್ದು ರೈಲ್ವೆ ಗೇಟಿನಾಚೆ, ಬಸಮ್ಮ ಎಂಬ ಹಿರಿಯ ಹೆಂಗಸಿನ ಮನೆಯಲ್ಲಿ. ದಿನಾ ಲಿಂಗಪೂಜೆ ಮಾಡದೆ ನೀರು ಕುಡಿಯದ ಮನೆ ಅದು. "ಮೀನು ತರಂಗಿಲ್ಲ ಕಣವ್ವಾ, ಮಿಕ್ಕಿದ್ದೇನಾರ ಮಾಡ್ಕೊ" ಎಂದರು. ಮೀನು ಬಿಟ್ಟರೆ ಮಿಕ್ಕಿದ್ದೇನು ಮಾಡಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಊರಿನಿಂದ ತಂದ ಕುಚ್ಚಲಕ್ಕಿ ಮುಗಿದ ಮೇಲೆ ಇಲ್ಲಿಯ ಬಿಳಿ ಅನ್ನ ಉಂಡರೆ ಉಂಡಂತೆಯೇ ಆಗುತ್ತಿರಲಿಲ್ಲ. ಮುದ್ದೆಯನ್ನು ಅಗಿಯುತ್ತ ಕೂತ ನನ್ನನ್ನು ನೋಡಿ ಬಸಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನನ್ನ ಕನ್ನಡವೂ ಅವರಿಗೆ ತಮಾಷೆ. "ನೀವು ಯಾವಾಗ ಸಂತೆಗೆ ಹೋಗುತ್ತೀರಿ?" ಎಂದು ಕೇಳಿದರೆ "ಇದೇನವ್ವಾ, ಪುಸ್ತಕ ಓದ್ದಂಗೆ ಮಾತಾಡ್ತೀಯ" ಎನ್ನುತ್ತಿದ್ದರು.

ಎಕ್ಸ್‌ಚೇಂಜಿನಲ್ಲಿ ಮಾತ್ರ ನನ್ನ ಕನ್ನಡಕ್ಕೆ ಬೆಲೆಯಿತ್ತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದು ತೂತಿನಿಂದ ಇನ್ನೊಂದು ತೂತಿಗೆ ವೈರು ಚುಚ್ಚುತ್ತ, ತರೀಕೆರೆ ಕೇಳಿದವರಿಗೆ ತರೀಕೆರೆ, ದಾವಣಗೆರೆ ಕೇಳಿದವರಿಗೆ ದಾವಣಗೆರೆ ಕೊಡುವುದು. ಊರಲ್ಲಿ ಫೋನಿದ್ದವರೆಲ್ಲರ ದನಿ ನನಗೆ ಗೊತ್ತಿತ್ತು, ಮುಖ ಒಂದೂ ಗೊತ್ತಿರಲಿಲ್ಲ. ಈರುಳ್ಳಿ ವ್ಯಾಪಾರದ ರುದ್ರಪ್ಪನವರು ಬೆಳಗಾದರೆ ಸಾಕು, "ನಮಸ್ಕಾರ, ದಯವಿಟ್ಟು ದಾವಣಗೆರೆ ಸಂಪರ್ಕ ಕೊಡಿಸುವಿರಾ?" ಎಂದು ನನಗಿಂತಲೂ ಗ್ರಾಂಥಿಕವಾಗಿ ಕೇಳುತ್ತಿದ್ದರು. ಯಾರೋ ಮೇಷ್ಟರಿರಬೇಕು, ನಿವೃತ್ತಿಯ ಮೇಲೆ ವ್ಯಾಪಾರಕ್ಕಿಳಿದಿದ್ದಾರೆ ಎಂದುಕೊಂಡಿದ್ದೆ.

ಕಷ್ಟವಿದ್ದದ್ದು ಸಂಜೆ ಪಾಳಿಯಲ್ಲಿ. ಕೆಲಸ ಮುಗಿಸಿ ಹೊರಡುವಾಗ ಕತ್ತಲಾಗಿರುತ್ತಿತ್ತು. ಗೇಟಿನವರೆಗೆ ಅಂಗಡಿ ಸಾಲಿನ ಬೆಳಕು, ಆಮೇಲೆ ಹೊಲದಂಚಿನ ಕಾಲುದಾರಿ. ಬಂದ ಸ್ವಲ್ಪ ದಿನಕ್ಕೇ ಒಬ್ಬ ಸೈಕಲ್ಲಿನವನು ಗೇಟಿನ ಹತ್ತಿರ ಕಾದು ನಿಲ್ಲತೊಡಗಿದ. ಹಿಂದೆಯೇ ಸೈಕಲ್ ತಳ್ಳಿಕೊಂಡು ಬರುವುದು, ದಾರಿಯಲ್ಲಿ ನಾನಲ್ಲದೆ ಇನ್ಯಾರೂ ಇಲ್ಲದಿದ್ದರೂ ಬೆಲ್ಲು ಬಾರಿಸುವುದು, ಇಷ್ಟೇ. ಇಷ್ಟಕ್ಕೇ ನಾನು ಮನೆಯವರೆಗೂ ಓಡುನಡಿಗೆಯಲ್ಲಿ ಹೋಗುತ್ತಿದ್ದೆ. ಬಸಮ್ಮನವರಿಗೆ ಹೇಳಿದರೆ ಕೇರಿಗೆ ಗೊತ್ತಾಗುತ್ತದೆ, ಕೇರಿಗೆ ಗೊತ್ತಾದರೆ ಅಣ್ಣನಿಗೂ ಗೊತ್ತಾಗುತ್ತದೆ. ಯಾರಿಗೂ ಹೇಳದೆ ಒಂದು ಟಾರ್ಚು ಕೊಳ್ಳುವುದೆಂದು ತೀರ್ಮಾನಿಸಿದೆ.

ಇಲ್ಲಿ ಅದರ ಹೆಸರು ಬ್ಯಾಟ್ರಿ. ಒಳಗೆ ಹಾಕುವುದು ಸೆಲ್ಲು, ಹೊರಗಿನದು ಬ್ಯಾಟ್ರಿ. ಅಜ್ಜಂಪುರದ ಅಂಗಡಿಯಲ್ಲಿ ಎರಡು ಸೆಲ್ಲಿನ ತಗಡಿನದು ಮಾತ್ರ ಇತ್ತು, ಅದು ಹಿತ್ತಲಿಗೆ ಹೋಗಿಬರಲು ಸಾಕು. ಆಫೀಸಿನ ಕೆಲಸಕ್ಕೆ ತರೀಕೆರೆಗೆ ಹೋದಾಗ ಪ್ಲಾಸ್ಟಿಕ್ಕಿನದು ನೋಡಿದೆ. ಬಣ್ಣ ಚೆನ್ನಾಗಿತ್ತು, ಕೈಯಲ್ಲಿ ಹಿಡಿದರೆ ಆಟದ ಸಾಮಾನು. ಕೊನೆಗೆ ಕಡೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಬೇಕಾದಷ್ಟು ಸಿಕ್ಕವು. ಅಂಗಡಿಯಾತ ಒಂದೊಂದನ್ನೇ ಮೂಟೆಗಳ ಸಂದಿಗೆ ಹಿಡಿದು ಬೆಳಕು ತೋರಿಸಿದ. ನಾನು ಬೆಳಕು ನೋಡುವುದರ ಜೊತೆಗೆ ಪ್ರತಿಯೊಂದನ್ನೂ ಕೈಯಲ್ಲಿ ತೂಗಿ, ಮೆಲ್ಲಗೆ ಒಮ್ಮೆ ಬೀಸಿಯೂ ನೋಡುತ್ತಿದ್ದೆ.

"ಯಾಕಮ್ಮಾ ಬೇಕು ಬ್ಯಾಟ್ರಿ, ನೋಡೋಕೋ ಹೊಡೆಯೋಕೋ?" ಎಂದ.

"ಎರಡಕ್ಕೂ" ಎಂದೆ.

ಅವನು ನಗಲಿಲ್ಲ. ಮೊಳದುದ್ದದ ಐದು ಸೆಲ್ಲಿನದನ್ನು ಪಕ್ಕಕ್ಕಿಟ್ಟ. "ಇದು ಹೊಲದಾಗೆ ಹಂದಿ ಕಾಯೋರಿಗೆ. ಸೆಲ್ ಹಾಕ್ಸಿ ಹಾಕ್ಸಿ ನಿಮ್ ಸಂಬಳ ಮುಗ್ದೋಗ್ತದೆ. ಮೂರ್ ಸೆಲ್ಲಿಂದು ತಗಳಿ, ಹಿತ್ತಾಳೇದು. ಆದ್ರೆ ಹೊಡೆದ್ರೆ ಬಲ್ಬು ಹೋದ್ರೂ ಹೋಯ್ತು. ಆಮೇಲೆ ಓಡೋಕೆ ದಾರಿ ಕಾಣಕ್ಕಿಲ್ಲ, ನೋಡ್ಕಳಿ." ಹಿಂದಿನ ಮುಚ್ಚಳ ಬಿಚ್ಚಿ, ಅದರೊಳಗೆ ಒಂದು ಬಲ್ಬನ್ನು ಹೆಚ್ಚಿಗೆ ಇಟ್ಟುಕೊಟ್ಟ. ನನ್ನ ಕೈಗೆಟುಕುವ ಬೆಲೆಯಲ್ಲಿ ಅದಕ್ಕಿಂತ ಭಾರವಾದದ್ದು ಸಿಗುವಂತಿರಲಿಲ್ಲ.

ಬ್ಯಾಟ್ರಿ ಬಂದ ಮೇಲೆ ಸೈಕಲ್ಲಿನವನು ಎರಡು ಸಲ ಕಂಡ. ಎರಡನೇ ಸಲ ತಿರುಗಿ ನಿಂತು ನೇರ ಅವನ ಕಣ್ಣಿಗೇ ಬೆಳಕು ಹಿಡಿದೆ. ಮುಖ ಮುಚ್ಚಿಕೊಂಡು ಸೈಕಲ್ ಹತ್ತಿ ಹೋದವನು ಮತ್ತೆ ಆ ದಾರಿಗೆ ಬರಲಿಲ್ಲ. ಅವನು ಹೋದ, ನನ್ನೊಳಗಿನ ಹೆದರಿಕೆ ಹೋಗಲಿಲ್ಲ. ಸೆಲ್ಲು ಉಳಿಸಲು ಒಮ್ಮೆ ಬೆಳಕು ಹಾಕಿ ದಾರಿ ನೋಡಿಕೊಳ್ಳುವುದು, ಆರಿಸಿ ಆ ನೆನಪಿನಲ್ಲೇ ನಡೆಯುವುದು ರೂಢಿ ಮಾಡಿಕೊಂಡೆ. ಊರಾಚೆ ಮೇಯುವ ಕಾವಲಿನ ಕಡೆಯಿಂದ ಅಮೃತಮಹಲ್ ದನ ಕೂಗಿದರೂ ಬೆಚ್ಚುತ್ತಿದ್ದೆ. ಹಾಸಿಗೆಯಲ್ಲೂ ಬ್ಯಾಟ್ರಿ ತಲೆದಿಂಬಿನ ಪಕ್ಕವೇ ಇರಬೇಕು. ಹೆದರಿದವರ ಮೇಲೆ ಹಾವು ಬಿಟ್ಟಂತೆ ಅನ್ನುತ್ತಾರಲ್ಲ, ನನ್ನ ಮೇಲೆ ಯಾರೂ ಏನೂ ಬಿಡಬೇಕಾಗಿಯೇ ಇರಲಿಲ್ಲ.

ಕಾರ್ತಿಕದ ಒಂದು ಸಂಜೆ ಹೀಗೇ ಬೆಳಕು ಆರಿಸಿಕೊಂಡು ನಡೆಯುತ್ತಿದ್ದಾಗ ಕಾಲುದಾರಿಯ ಮೇಲೆ ಒಂದು ಆಕಾರ ಕುಕ್ಕರುಗಾಲಿನಲ್ಲಿ ಕೂತಿತ್ತು.

"ಯಾರವ್ವಾ ಅದು? ಬ್ಯಾಟ್ರಿ ಬಿಡವ್ವಾ" ಎಂದಿತು ಗಂಡಸಿನ ದನಿ.

ನಮ್ಮ ತುಳುವಿನಲ್ಲಿ ಟಾರ್ಚನ್ನು 'ಪಾಡು'ತ್ತೇವೆ, ಎಂದರೆ ಹಾಕುತ್ತೇವೆ. ನಾನು ಕಲಿತ ಕನ್ನಡದಲ್ಲಿ ಕೈಯಲ್ಲಿರುವುದನ್ನು ಬಿಡು ಎಂದರೆ ಕೆಳಗೆ ಹಾಕು ಎಂದರ್ಥ. ನನ್ನ ಕೈಯಲ್ಲಿದ್ದ ಒಂದೇ ಆಯುಧವನ್ನು ಕೆಳಗೆ ಹಾಕೆಂದು ಅವನು ಹೇಳುತ್ತಿದ್ದಾನೆ.

"ಬಿಡುವುದಿಲ್ಲ" ಎಂದೆ.

"ಬಿಡವ್ವಾ ಅಂದ್ರೆ, ಬ್ಯಾಗ್ನೆ ಬಿಡು" ಎನ್ನುತ್ತ ಆ ಆಕಾರ ಎದ್ದು ಕುಂಟುತ್ತ ನನ್ನ ಕಡೆಗೆ ಕೈ ಚಾಚಿತು. ನಾನು ಕಣ್ಣು ಮುಚ್ಚಿ ಬೀಸಿದೆ. ಏಟು ಗಟ್ಟಿಯಾಗಿಯೇ ಬಿತ್ತು.

ಅವನು ಧೊಪ್ಪನೆ ಕೂತ. ಬೈಯುವನೆಂದುಕೊಂಡೆ, ಬೈಯಲಿಲ್ಲ. ನರಳುತ್ತ ಹೇಳಿದ: "ಏನವ್ವಾ ತಾಯಿ, ಕಾಲಿಗೆ ಏನೋ ಕಡೀತು, ಬ್ಯಾಟ್ರಿ ಬಿಡು ನೋಡಾನ ಅಂದ್ರೆ ತಲೆ ಮ್ಯಾಲೆ ಹೊಡೀತೀಯಲ್ಲ."

ಗುಂಡಿ ಒತ್ತಿದೆ. ಬಲ್ಬು ಹೋಗಿರಲಿಲ್ಲ. ಬಿಳಿ ಪಂಚೆಯ ದೊಡ್ಡ ಮನುಷ್ಯರೊಬ್ಬರು, ಹಣೆಯ ವಿಭೂತಿಯ ಮೇಲೆ ಇಳಿಯುತ್ತಿದ್ದ ರಕ್ತ, ಅವರ ಚಪ್ಪಲಿಯ ಪಕ್ಕದಲ್ಲಿ ಬಾಲವೆತ್ತಿ ನಿಂತ ಕರಿಯ ಚೇಳು. ಹಾವಲ್ಲ ಚೇಳು ಎಂದು ಗೊತ್ತಾದದ್ದಕ್ಕೆ ಅವರು ಆ ಸ್ಥಿತಿಯಲ್ಲೂ "ಸದ್ಯ, ಶಿವ ಕಾಪಾಡ್ದ" ಎಂದರು. ನನಗೆ ಅಳು ಬಂತು. "ದಯವಿಟ್ಟು ಕ್ಷಮಿಸಬೇಕು, ನನಗೆ ಅರ್ಥವಾಗಲಿಲ್ಲ" ಎಂದೆ.

ಅವರು ಹಣೆ ಒತ್ತಿಹಿಡಿದುಕೊಂಡು ತಲೆಯೆತ್ತಿದರು. "ಈ ದನಿ… ಎಕ್ಸ್‌ಚೇಂಜಿನ ಅಮ್ಮಾರಾ ನೀವು? ನಾನು ಕಣ್ರೀ, ರುದ್ರಪ್ಪ. ದಾವಣಗೆರೆ."

ಫೋನಿಗೆಂದು ಅವರು ಬೇರೆಯೇ ಒಂದು ಕನ್ನಡ ಇಟ್ಟುಕೊಂಡಿದ್ದರು ಎಂಬುದು ನನಗೆ ಗೊತ್ತಾದದ್ದು ಹೀಗೆ. ನನ್ನ ಹೆಗಲು ಹಿಡಿದು ಕುಂಟುತ್ತ ಅವರು ಬಸಮ್ಮನವರ ಜಗಲಿಗೆ ಬಂದರು, ಅಲ್ಲಿಂದ ಡಾಕ್ಟರ ಹತ್ತಿರ ಹೋದರು. ಕಾಲಿಗೊಂದು ಸೂಜಿ, ತಲೆಗೆ ಹೊಲಿಗೆ.

ಮರುದಿನ ಫೋನೆತ್ತಿದವರೆಲ್ಲ ಊರು ಕೇಳುವ ಮೊದಲು "ರುದ್ರಪ್ಪಾರ ತಲೆ ಹೆಂಗೈತಂತೆ?" ಎಂದು ನನ್ನನ್ನೇ ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸುದ್ದಿ ಕಡೂರಿನಲ್ಲಿ ಹೋಟೆಲಿಟ್ಟಿದ್ದ ನಮ್ಮೂರವರಿಗೆ ಮುಟ್ಟಿತು, ಅಲ್ಲಿಂದ ಘಟ್ಟ ಇಳಿಯಿತು. ಇಳಿಯುವಾಗ ಬಣ್ಣ ಬದಲಿಸಿತ್ತು. ನಿನ್ನ ತಂಗಿಯ ಮೇಲೆ ಯಾರೋ ಗಂಡಸು ಕತ್ತಲಲ್ಲಿ ಕೈಹಾಕಿದ ಎಂದು ಅಣ್ಣನಿಗೆ ಹೇಳಿದರಂತೆ. ವಾರ ತುಂಬುವುದರೊಳಗೆ ಅಣ್ಣ ಬಂದ. ಬಂದವನು ನನ್ನೊಡನೆ ಮಾತಾಡದೆ ನನ್ನ ಟ್ರಂಕಿಗೆ ಹಗ್ಗ ಬಿಗಿಯತೊಡಗಿದ. ನಡೆದದ್ದನ್ನು ಹೇಳಹೋದೆ. "ಸುಮ್ಮನಿರು" ಎಂದ. ನಾನು ಬಾಗಿಲಲ್ಲಿ ನಿಂತು ಅವನ ಕೈಗಳನ್ನೇ ನೋಡುತ್ತಿದ್ದೆ. ಇಷ್ಟು ದಿನ ಹೆದರಿಕೊಂಡು ಬದುಕಿದ್ದ ಕೋಣೆಯೇ ಆಗಲಿ, ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಬಸಮ್ಮ ಹೇಳಿ ಕಳಿಸಿದರೋ ಏನೋ, ರುದ್ರಪ್ಪನವರು ತಲೆಗೆ ಪಟ್ಟಿ ಕಟ್ಟಿಕೊಂಡೇ ಬಂದರು. ಜಗಲಿಯ ಮೇಲೆ ಕೂತು ಟ್ರಂಕನ್ನು ನೋಡಿದರು, ಅಣ್ಣನನ್ನು ನೋಡಿದರು.

"ಏನಪ್ಪಾ, ಏಟು ತಿಂದೋನು ನಾನು. ದೂರು ಹೇಳೋದಿದ್ರೆ ನಾನು ಹೇಳ್ಬೇಕು. ನಾನೇ ಸುಮ್ಕಿದೀನಿ, ನೀನ್ಯಾಕೆ ಗಂಟು ಕಟ್ತೀಯ?"

ಅಣ್ಣ ತಬ್ಬಿಬ್ಬಾದ. "ಒಬ್ಬಳೇ ಹೆಣ್ಣುಮಗಳು… ಕತ್ತಲೆ ದಾರಿ ಬೇರೆ" ಎಂದ.

"ಇನ್ನ ಈ ದಾರೀಲಿ ಆಯಮ್ಮಂಗೆ ಯಾರ ಭಯಾನೂ ಇಲ್ಲ. ಭಯ ಏನಿದ್ರೂ ನಮಗೆ" ಎಂದು ರುದ್ರಪ್ಪನವರು ತಲೆ ಮುಟ್ಟಿಕೊಂಡರು. ಒಳಗಿನಿಂದ ಬಸಮ್ಮ ನಕ್ಕದ್ದು ಕೇಳಿಸಿತು.

ಅಣ್ಣ ನನ್ನ ಕಡೆ ತಿರುಗಿ ತುಳುವಿನಲ್ಲಿ, "ಈ ದಾನೆ ಪನ್ಪ?" ಎಂದ. ನೀನೇನು ಹೇಳುತ್ತೀ ಎಂದು. ನಮ್ಮ ಮನೆಯವರು ಯಾರಾದರೂ ನನ್ನನ್ನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. "ನಾನು ಇಲ್ಲೇ ಇರ್ತೀನಿ ಕಣಣ್ಣಾ" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಬಾಯಿಂದ ಬಂದದ್ದು ತುಳುವಲ್ಲ, ಬಸಮ್ಮನವರ ಕನ್ನಡ. ಅಣ್ಣ ಟ್ರಂಕಿನ ಹಗ್ಗ ಬಿಚ್ಚಿದ.

ಅದಾಗಿ ಬಹಳ ವರ್ಷಗಳಾದವು. ಈಗ ನಾನು ಕತ್ತಲಲ್ಲಿ ನಡೆಯುವಾಗ ಎದುರಿನಿಂದ ಬಂದವರು ನನ್ನ ಒಂದು ಕೆಮ್ಮಿಗೇ "ಎಕ್ಸ್‌ಚೇಂಜಿನ ಅಮ್ಮ" ಎಂದು ದಾರಿ ಬಿಡುತ್ತಾರೆ. ಆದರೂ ಮನಸ್ಸು ಒಂದೆಡೆ ನಿಲ್ಲುವುದಿಲ್ಲ. ಮಳೆಗಾಲ ಬಂತೆಂದರೆ ಸಮುದ್ರದ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ, ವರ್ಗಾವಣೆಗೆ ಅರ್ಜಿ ಬರೆಯುತ್ತೇನೆ. ಬರೆದದ್ದನ್ನು ನಾನೇ ಹರಿದು ಹಾಕುತ್ತೇನೆ.

ಕಳೆದ ಸಲ ಊರಿಗೆ ಹೋದಾಗ ಬಸ್ಸು ತಡವಾಗಿ ಮುಸ್ಸಂಜೆ ದಾಟಿತ್ತು, ಕರೆಂಟೂ ಇರಲಿಲ್ಲ. ಅಂಗಳದಲ್ಲಿ ನಿಂತು ತುಳುವಿನಲ್ಲೇ ಕೂಗಿದೆ, "ಬಾಗಿಲು ತೆಗೀರಿ, ನಾನು." ಅಣ್ಣನ ಕಿರಿಯ ಮಗಳು ಕಿಟಕಿಯಿಂದ ಇಣುಕಿ ಒಳಕ್ಕೆ ಹೇಳಿದಳು: "ಅಮ್ಮಾ, ಯಾರೋ ಘಟ್ಟದ ಮೇಲಿನವರು ಬಂದಿದ್ದಾರೆ, ನಮ್ಮ ಹಾಗೆ ಮಾತಾಡಲು ನೋಡ್ತಾ ಇದ್ದಾರೆ." ಅತ್ತಿಗೆ ಬಂದು ಅಗುಳಿಯ ಹಿಂದೆಯೇ ನಿಂತು, ಯಾರು ಎಂದು ಇನ್ನೊಮ್ಮೆ ಕೇಳಿದಳು. ನಾನು ಚೀಲದಿಂದ ಬ್ಯಾಟ್ರಿ ತೆಗೆದು, ಹುಟ್ಟಿದ ಮನೆಯ ಬಾಗಿಲಲ್ಲಿ, ನನ್ನ ಮುಖಕ್ಕೆ ನಾನೇ ಬೆಳಕು ಬಿಟ್ಟುಕೊಂಡೆ.