ಕಾಕಾನ ಹೊಲಕ್ಕೆ ನಾನೆಳೆದ ಗೆರೆ

ಗೆಳೆಯರೇ, ಇವತ್ತಿನ ನನ್ನ ಕತೆ ಕೇಳಿ. ಜಹೀರಾಬಾದಿನ ಅಡತ್ ಅಂಗಡಿಯಲ್ಲಿ, ಅಂದರೆ ದಲಾಲಿ ಮಂಡಿಯಲ್ಲಿ, ತೊಗರಿ ತಂದವರ ಹೆಸರು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ತೊಗರಿ ತಂದಿದ್ದ ಮೊಗುಡಂಪಲ್ಲಿಯ ಶಿವಪ್ಪ ಕಾಕಾನ ಮನೆ ತೆಲಂಗಾಣದಲ್ಲಿ, ಹೊಲ ಬೀದರ್ ಜಿಲ್ಲೆಯಲ್ಲಿ. ಎರಡೂ ಒಂದೇ ರಾಜ್ಯದಲ್ಲಿರಬೇಕೆಂದು ಕಂಪ್ಯೂಟರ್ ಹಟ ಹಿಡಿಯಿತು. ಹೆಸರು ದಾಖಲಾಗದೆ ತೂಕ ನಿಂತಿತು.

"ಹೊಲಾನೇ ಹೊತ್ಕೊಂಡ್ ಬರ್ಲೇನಪಾ?" ಎಂದರು ಕಾಕಾ.

ಸಾಫ್ಟ್‌ವೇರ್ ಮಾಡಿಕೊಟ್ಟ ಸುಜಾತಾ ಮೇಡಂ ಬಂದು ಪರದೆಯ ಮೇಲೆ ಒಂದು ಚಿತ್ರ ತೆರೆದರು. ರೈತ, ಹೊಲ, ರಾಜ್ಯ ಎಂಬ ಮೂರು ಚೌಕ.

"ಈ ಚಿತ್ರದಿಂದನೇ ಪ್ರೋಗ್ರಾಂ ತಯಾರಾಗ್ತದ್ರಿ. ಹೊಲದಿಂದ ರಾಜ್ಯಕ್ಕ ಗೆರಿ ಇಲ್ಲ, ಅದಕ್ಕ ರೈತನ ರಾಜ್ಯಾನೇ ಹೊಲಕ್ಕೂ ಹಿಡೀತದ. ಆ ಗೆರಿ ನೀವೇ ಎಳೀರಿ."

"ನಾ ಏಳ್ನೇ ಕ್ಲಾಸ್ ಫೇಲ್ ಅದೀನ್ರಿ. ಎಲ್ಲಾ ಕೆಟ್ಟ್ ಹೋದ್ರ?"

"ಕೆಡಂಗಿಲ್ಲ, ಎಳೀರಿ!"

ಎಳೆದೆ. ಮೇಡಂ ಬಟನ್ ಒತ್ತಿದರು. ಪ್ರೋಗ್ರಾಮಿನ ಎಲ್ಲ ಪುಟಗಳೂ ಹೊಸದಾಗಿ ಬಂದವು, ಕಾಕಾನ ಹೆಸರು ದಾಖಲಾಗಿ ತೊಗರಿ ತೂಕಕ್ಕೆ ಹೋಯಿತು. "ಶಭಾಷ್, ಇಂಜಿನಿಯರ್ ಸಾಬ್!" ಎಂದು ಕಾಕಾ ಬೆನ್ನಿಗೆ ಗುದ್ದಿದರು.

ಖುಷಿಯೇನೋ ಆಯಿತು. ಆದರೆ ನಾನೆಳೆದ ಸೊಟ್ಟ ಗೆರೆಯ ಮೇಲೆ ಇಡೀ ಅಂಗಡಿ ನಡೆಯುತ್ತಿದೆಯಲ್ಲ, ಇನ್ನು ನಿದ್ದೆ ಬಂದ ಹಾಗೆಯೇ!