ನುಚ್ಚು ಸೋಸುವ ಜರಡಿಯೊಳಗೊಂದು ಕಂಪ್ಯೂಟರ್

‘ಇದು ಆಗೂ ಮಾತಲ್ಲ’ ಎಂದು ಮೊಟ್ಟಮೊದಲು ಹೇಳಿದವನು ನನ್ನ ಸೋದರಮಾವ ಯಮನೂರಪ್ಪ. ಹೇಳಿದ್ದು ಎರಡು ಸಂಗತಿಗಳ ಬಗ್ಗೆ. ನಾನು ಡಿಗ್ರಿ ಮುಗಿಸುವುದು ಒಂದು, ಬಿಡಿಭಾಗಗಳನ್ನು ತಂದು ಮನೆಯಲ್ಲೇ ಕಂಪ್ಯೂಟರ್ ಕಟ್ಟುವುದು ಇನ್ನೊಂದು. ಆ ಕಂಪ್ಯೂಟರಿನ ಮುಂದೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಬರೆಯುತ್ತ ಬರೆಯುತ್ತ ಯೋಚನೆ ನಿಂತುಹೋದರೆ ಎಡಗೈಯನ್ನು ಅದರ ನೆತ್ತಿಯ ಮೇಲೆ ಊರಿಕೊಂಡು ಕೂರುವುದು ನನ್ನ ಚಾಳಿ. ಕೈ ತೆಗೆದು ನೋಡಿದರೆ ಅಂಗೈ ತುಂಬ ಸಾಲುಸಾಲು ಚುಕ್ಕಿ, ಅವ್ವ ಅಂಗಳದಲ್ಲಿ ರಂಗೋಲಿಗೆಂದು ಚುಕ್ಕಿ ಇಟ್ಟು ಗೆರೆ ಎಳೆಯುವುದನ್ನು ಮರೆತು ಒಳಗೆ ಹೋದ ಹಾಗೆ. ಅಂಗಡಿಯಿಂದ ಇಡಿಯಾಗಿ ಕೊಂಡ ಯಾವ ಕಂಪ್ಯೂಟರೂ ತನ್ನ ಒಡತಿಯ ಕೈಗೆ ಇಂಥ ಮುದ್ರೆ ಒತ್ತುವುದಿಲ್ಲವೆಂದು ನಾನು ಆಗಾಗ ಹೆಮ್ಮೆಪಡುತ್ತೇನೆ. ಅಗ್ಗದ ವಸ್ತುಗಳನ್ನು ಇಟ್ಟುಕೊಂಡವರಿಗೆ ಹೆಮ್ಮೆಪಡಲು ಕಾರಣಗಳು ಸುಲಭವಾಗಿ ಸಿಗುತ್ತವೆ, ನೀವೂ ಗಮನಿಸಿರಬಹುದು.

ಮಾಮಾನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಬೇವೂರಿನ ಕಡೆಯ ಒಣಭೂಮಿಯಿಂದ ಕೆಲಸ ಹುಡುಕಿಕೊಂಡು ನಮ್ಮ ಕಾರಟಗಿಗೆ ಬಂದವನು, ಅಕ್ಕಿ ಗಿರಣಿಗಳ ಸಾಲಿನ ಹಿಂದೆ ಒಂದು ತಗಡಿನ ಅಂಗಡಿ ಹಾಕಿಕೊಂಡಿದ್ದಾನೆ. ಗಿರಣಿಗಳಿಗೆ ಜರಡಿ ಕೂಡಿಸುವುದು, ಸವೆದ ಜರಡಿ ಬದಲಿಸುವುದು ಅವನ ಕಸುಬು. ತೂತು ತಗಡು ಕೈಗೆ ಬಂದರೆ ಸಾಕು, ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಯಾವ ತೂತು ಸವೆದು ಅಗಲವಾಗಿದೆ ಎಂದು ಮೂಲೆಯಿಂದ ಮೂಲೆಗೆ ನೋಡುತ್ತಾನೆ. ಈ ಅಭ್ಯಾಸ ಅವನ ಕೈಗೆ ಎಷ್ಟು ಹತ್ತಿಬಿಟ್ಟಿದೆಯೆಂದರೆ ಲಗ್ನಪತ್ರಿಕೆ ಕೊಟ್ಟರೂ ಮೊದಲು ಬೆಳಕಿಗೆ ಹಿಡಿಯುತ್ತಾನೆ. ಓದುವುದು ಆಮೇಲೆ, ಅದನ್ನೂ ಬೇರೆಯವರು ಓದಿ ಹೇಳಬೇಕು. ಇನ್ನು ‘ಆಗಂಗಿಲ್ಲ’ ಎಂಬುದು ಅವನ ಬಾಯಲ್ಲಿ ನಿರಾಕರಣೆಯಲ್ಲ, ಒಂದು ಬಗೆಯ ನಮಸ್ಕಾರ. ನಮ್ಮ ಓಣಿಗೆ ನಳ ಬರುವುದು ಆಗಂಗಿಲ್ಲ ಎಂದಿದ್ದ. ಬಂದ ದಿನ ಎಲ್ಲರಿಗಿಂತ ಮೊದಲು ಕೊಡ ಹಿಡಿದು ನಿಂತಿದ್ದ.

ನನಗೆ ಕಂಪ್ಯೂಟರ್ ಬೇಕಾದದ್ದು ಶೋಕಿಗಲ್ಲ. ಗಂಗಾವತಿಯಲ್ಲಿ ಬಿಸಿಎ ಓದುತ್ತಿದ್ದೆ, ಕೊನೆಯ ಸೆಮಿಸ್ಟರ್. ಒಂದು ತಂತ್ರಾಂಶ ಬರೆದು ಪರೀಕ್ಷಕರ ಮುಂದೆ ನಡೆಸಿ ತೋರಿಸಬೇಕು. ತೋರಿಸದಿದ್ದರೆ ಡಿಗ್ರಿ ಇಲ್ಲ. ಕಾಲೇಜಿನ ಲ್ಯಾಬಿನಲ್ಲಿ ನನ್ನ ಪಾಳಿ ಬರುವ ಹೊತ್ತಿಗೆ ಕಾರಟಗಿಯ ಬಸ್ಸು ಹೊರಡುವ ಹೊತ್ತಾಗಿರುತ್ತಿತ್ತು. ಅರ್ಧ ಬರೆದ ಸಾಲನ್ನು ಹಾಗೇ ಬಿಟ್ಟು ಬಸ್ ನಿಲ್ದಾಣಕ್ಕೆ ಓಡುವುದು, ಮರುದಿನ ಬಂದು ನಿನ್ನೆ ಏನು ಯೋಚಿಸಿದ್ದೆನೆಂದು ನೆನಪಿಸಿಕೊಳ್ಳುವುದು, ನೆನಪಾಗುವಷ್ಟರಲ್ಲಿ ಮತ್ತೆ ಓಡುವುದು. ಗೆಳತಿಯರ ಹತ್ತಿರ ಲ್ಯಾಪ್‌ಟಾಪ್ ಇತ್ತು. ಅಪ್ಪ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ನಮ್ಮ ಮನೆತನದಲ್ಲಿ ಹತ್ತನೆಯ ತರಗತಿಯ ಹೊಸ್ತಿಲು ದಾಟಿದವಳು ನಾನೊಬ್ಬಳೇ. ಲ್ಯಾಪ್‌ಟಾಪಿನ ಬೆಲೆ ಕೇಳಿದ ದಿನ ಅವ್ವ ಸಂಜೆಯವರೆಗೆ ನನ್ನ ಮುಖ ನೋಡಲಿಲ್ಲ. ಹೀಗೇ ನಡೆದರೆ ಡಿಗ್ರಿಯ ಬಾಗಿಲಿನವರೆಗೆ ಹೋಗಿ ಹಿಂತಿರುಗುವುದೇ ನನ್ನ ಹಣೆಬರಹವೆಂದು ನನಗೂ ಅನಿಸತೊಡಗಿತ್ತು.

ಮೊಬೈಲಿನ ವಿಡಿಯೊಗಳು ನನ್ನನ್ನು ಕೆಡಿಸಿದ್ದು ಆಗ. ನೀಲಿ ದೀಪದ ಕೋಣೆಯಲ್ಲಿ, ತೆಳು ಕೈಗವಸು ತೊಟ್ಟ ತರುಣರು, ಶಸ್ತ್ರಚಿಕಿತ್ಸೆಯ ಗಾಂಭೀರ್ಯದಿಂದ ಬಿಡಿಭಾಗಗಳನ್ನು ಕೂಡಿಸಿ ಕಂಪ್ಯೂಟರ್ ಕಟ್ಟುತ್ತಾರೆ. ಅವರು ‘ತೀರಾ ಕಡಿಮೆ ಖರ್ಚಿನದು’ ಎಂದು ತೋರಿಸಿದ್ದು ನಮ್ಮ ಮನೆಗೆ ಆಕಾಶಪುಷ್ಪ. ಆದರೂ ಒಂದು ತತ್ತ್ವ ಮಾತ್ರ ನನಗೆ ಅಂಟಿಕೊಂಡಿತು: ಕಂಪ್ಯೂಟರ್ ಎಂಬುದು ಒಂದು ವಸ್ತುವಲ್ಲ, ಒಂದು ಕೂಡುಕುಟುಂಬ, ಬೇರೆ ಬೇರೆ ಮನೆಗಳಿಂದ ಬಂದವರು ಒಂದೇ ಸೂರಿನಡಿ ಹೊಂದಿಕೊಂಡರೆ ಸಾಕು.

ಆಮೇಲೆ ಶುರುವಾಯಿತು ನೋಡಿ ನನ್ನ ಜಿಲ್ಲಾ ಪರ್ಯಟನೆ. ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ದುಡ್ಡು ಕೈಯಲ್ಲಿತ್ತು. ಕುಷ್ಟಗಿಯಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಇಂಟರ್ನೆಟ್ ಅಂಗಡಿಯಿಂದ ಮಾನಿಟರ್ ಬಂತು. ಅದರ ಮೂಲೆಯಲ್ಲಿ ‘ಜೋರಾಗಿ ಮಾತಾಡಬೇಡಿ’ ಎಂಬ ಚೀಟಿ ಇಂದಿಗೂ ಅಂಟಿಕೊಂಡಿದೆ. ಯಲಬುರ್ಗಾದಲ್ಲಿ ಅರ್ಜಿ ಟೈಪು ಮಾಡುವವರೊಬ್ಬರಿಂದ ಕೀಬೋರ್ಡು ಬಂತು. ಊರವರ ಅಹವಾಲುಗಳನ್ನೆಲ್ಲ ಹೊತ್ತು ಅದರ ಅಕ್ಷರಗಳು ಅಳಿಸಿಹೋಗಿದ್ದವು, ಆದ್ದರಿಂದ ನಾನು ನೋಡದೆ ಟೈಪಿಸುವುದನ್ನು ಕಲಿತೆ. ಹೊಚ್ಚಹೊಸದಾಗಿ ಕೊಂಡದ್ದು ಮಾಹಿತಿ ಕೂಡಿಡುವ ಎಸ್‌ಎಸ್‌ಡಿ ಒಂದನ್ನೇ, ಕೊಪ್ಪಳದಲ್ಲಿ. ನೆನಪಿನ ಶಕ್ತಿ ಮಾತ್ರ ಇನ್ನೊಬ್ಬರದು ಬೇಡವೆನಿಸಿತು. ಮದರ್‌ಬೋರ್ಡು, ಪ್ರೊಸೆಸರು, ಅದರ ಪುಟ್ಟ ಫ್ಯಾನು, ಪವರ್ ಸಪ್ಲೈ ಎಲ್ಲ ಗಂಗಾವತಿಯ ಹಳೇ ಸಾಮಾನಿನ ಅಂಗಡಿಯಿಂದ.

“ಗ್ಯಾರಂಟಿ ಏನು ಕೊಡ್ತೀರಿ ಭಾಯ್?” ಎಂದು ಅಂಗಡಿಯವರನ್ನು ಕೇಳಿದೆ.

“ಈ ಬಾಗಲ ದಾಟೂಮಟ ನಂದು ಗ್ಯಾರಂಟಿ, ತಂಗಿ. ಬಾಗಲ ದಾಟಿದ ಮ್ಯಾಲ ಮ್ಯಾಲಿನಾಂವಂದು,” ಎಂದರು. ಹೊಸ್ತಿಲಿನ ಒಳಗೇ ಎಲ್ಲವನ್ನೂ ಜೋಡಿಸಿ, ಪರದೆಯ ಮೇಲೆ ಬೆಳಕು ಬರುವವರೆಗೆ ತಾವೂ ಕುಳಿತಿದ್ದು, ಆಮೇಲೆ ಬಿಚ್ಚಿ ಹಳೇ ಪತ್ರಿಕೆಯಲ್ಲಿ ಸುತ್ತಿ ಕೊಟ್ಟವರೂ ಅವರೇ.

ಉಳಿದದ್ದು ಕ್ಯಾಬಿನೆಟ್, ಅಂದರೆ ಇವೆಲ್ಲವನ್ನೂ ಇಡುವ ಡಬ್ಬಿ. ದುಡ್ಡು ಅಲ್ಲಿಗೆ ಮುಗಿದಿತ್ತು. ಬಿಡಿಭಾಗಗಳನ್ನು ಚಾಪೆಯ ಮೇಲೆ ಹರಡಿಕೊಂಡು ಕುಳಿತಿದ್ದಾಗ ಮಾಮಾ ಬಂದ. ಅವ್ವ ಕೊಟ್ಟ ಚಹಾ ಹೀರುತ್ತ ಪ್ರದಕ್ಷಿಣೆ ಹಾಕಿದ.

“ಏನಬೇ ರತ್ನಿ, ಗುಜರಿ ಅಂಗಡಿ ಇಟ್ಟೀಯೇನು?”

“ಕಂಪ್ಯೂಟರ್ ಮಾಮಾ. ಡಬ್ಬಿ ಒಂದ ಬಾಕಿ ಐತಿ.”

“ಡಬ್ಬಿಗೆ ಎಷ್ಟಂತ?”

ಹೇಳಿದೆ. ಚಹಾದ ಬಸಿ ಕೆಳಗಿಟ್ಟುಬಿಟ್ಟ. ಡಿಗ್ರಿ ಆಗಂಗಿಲ್ಲ, ಕಂಪ್ಯೂಟರ್ ಆಗಂಗಿಲ್ಲ ಎನ್ನುವಾಗಲೆಲ್ಲ ನಿರ್ಲಿಪ್ತನಾಗಿದ್ದ ಮನುಷ್ಯ, ಖಾಲಿ ತಗಡಿನ ಡಬ್ಬಿಯೊಂದಕ್ಕೆ ಅಷ್ಟು ಬೆಲೆ ಎಂದು ಕೇಳಿ ಕೆರಳಿಹೋದ. “ಖಾಲಿ ಡಬ್ಬಿಗೆ? ಒಳಗ ಏನೂ ಇಲ್ಲದ್ದಕ್ಕ? ನಾ ಬದಕೀನೋ ಸತ್ತೀನೋ? ಇದು ಚಾಲೂ ಆಗಂಗಿಲ್ಲ ಬಿಡು, ಆ ಮಾತು ಬ್ಯಾರೆ. ಡಬ್ಬಿ ಮಾತ್ರ ನಾ ಮಾಡ್ತೀನಿ.”

ಮಾಡಿದ. ಒಳಗೆ ಗಾಳಿಯಾಡಬೇಕು ಎಂದು ನಾನು ಹೇಳಿದ್ದೇ ಅವನಿಗೆ ಸಾಕಾಯಿತು. ಗಿರಣಿಯೊಂದು ಬದಲಿಸಿ ಬಿಟ್ಟಿದ್ದ ನುಚ್ಚು ಸೋಸುವ ಜರಡಿ ತಗಡನ್ನು ತಂದು, ಬಿಸಿಲಿಗೆ ಹಿಡಿದು ನೋಡಿ, ಕತ್ತರಿಸಿ, ಮಡಿಸಿ, ಮೂಲೆ ಬೆಸೆದು, ಬೋರ್ಡು ತಗಡಿಗೆ ತಾಗದಂತೆ ಕೆಳಗೆ ರಬ್ಬರಿನ ಬಿಲ್ಲೆ ಕೂಡಿಸಿ, ಮೇಲೆ ಟ್ರ್ಯಾಕ್ಟರಿಗೆ ಹಚ್ಚಿ ಉಳಿದ ಕೆಂಪು ಬಣ್ಣ ಹಚ್ಚಿಕೊಟ್ಟ. ಗಾಳಿಯ ವಿಷಯದಲ್ಲಿ ಅದನ್ನು ಮೀರಿಸುವ ಡಬ್ಬಿ ಲೋಕದಲ್ಲಿಲ್ಲ. ಎಲ್ಲ ಕಡೆಯಿಂದಲೂ ಗಾಳಿ, ಎಲ್ಲ ಕಡೆಯಿಂದಲೂ ತೌಡಿನ ಧೂಳು.

ಚಾಲೂ ಮಾಡುವ ದಿನ ಬಂತು. ನಾನು ಗುಂಡಿ ಒತ್ತಲು ಹೋದರೆ ಮಾಮಾ ಕೈ ಹಿಡಿದ. “ತಡಿ ತಡಿ. ಖಾಲಿ ಹೊಟ್ಟಿಲೆ ಮಷೀನ್ ಚಾಲೂ ಮಾಡಬಾರದು.” ಅವನು ಕೆಲಸ ಮಾಡುವ ಗಿರಣಿಗಳಲ್ಲಿ ಅದೊಂದು ಪದ್ಧತಿ. ಹೊಸ ಯಂತ್ರಕ್ಕೆ ಕುಂಕುಮ ಹಚ್ಚಿ, ಚಾಲೂ ಆದ ಕ್ಷಣ ಮೊದಲ ಹಿಡಿ ಕಾಳನ್ನು ಅದರ ಬಾಯಿಗೆ ಹಾಕಿ ಕೈ ಮುಗಿಯುತ್ತಾರೆ. ಅವ್ವ ತಟ್ಟೆಯಲ್ಲಿ ಅಕ್ಷತೆ ತಂದಳು. ಅಕ್ಷತೆ ಎಂದರೆ ಮುರಿಯದ್ದು ಎಂದು ಅರ್ಥ. ನಮ್ಮ ಮನೆಯಲ್ಲಿ ಮಾತ್ರ ಅದರಲ್ಲೂ ಅರ್ಧ ಮುರಿದದ್ದೇ, ಏಕೆಂದರೆ ಗಿರಣಿಯಲ್ಲಿ ಹಮಾಲರಿಗೆ ಸಿಗುವುದು ನುಚ್ಚು ಬೆರೆತ ಅಕ್ಕಿ. ನಾನು ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಕುಷ್ಟಗಿಯ ಪರದೆ ಬೆಳಗಿತು. ಮಾಮಾ ಕಣ್ಣು ಮುಚ್ಚಿಕೊಂಡು, ತುಂಬು ಭಕ್ತಿಯಿಂದ, ಹಿಡಿತುಂಬ ಅಕ್ಷತೆಯನ್ನು ಡಬ್ಬಿಯ ನೆತ್ತಿಯ ಮೇಲೆ ಸುರಿದ.

ಜರಡಿ ತನ್ನ ಕೆಲಸ ಮರೆತಿರಲಿಲ್ಲ. ಇಡಿ ಕಾಳುಗಳು ಮೇಲೆ ನಿಂತವು. ನುಚ್ಚೆಲ್ಲ ಸರಸರನೆ ಒಳಗಿಳಿಯಿತು. ಕಟಕಟ ಎಂದು ಸದ್ದಾಯಿತು, ಫ್ಯಾನು ಎಡವಿತು, ನಿಂತಿತು. ಪರದೆಯ ಮೇಲೆ ಏನೋ ಎರಡು ಸಾಲು ಮೂಡಿ ಎಲ್ಲ ಕಪ್ಪಾಯಿತು.

ನಾನು ತಂತಿ ಕಿತ್ತು ಅಲ್ಲೇ ಕುಳಿತೆ. ಬೋರ್ಡು ಸುಟ್ಟಿದ್ದರೆ ಇನ್ನೊಂದನ್ನು ಕೊಳ್ಳುವುದು ಸಾಧ್ಯವಿರಲಿಲ್ಲ, ಪರೀಕ್ಷಕರು ಬರುವ ದಿನ ದೂರವಿರಲಿಲ್ಲ. ‘ನಾ ಮೊದಲ ಹೇಳಿದ್ನಿಲ್ಲ’ ಎಂದು ಮಾಮಾ ಅನ್ನಲಿ ಎಂದು ಕಾದೆ. ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವನು ಅನ್ನಲಿಲ್ಲ. ಅರಿಸಿನ ಅಂಟಿದ ಕೈಯನ್ನೇ ನೋಡುತ್ತ ಕುಳಿತುಬಿಟ್ಟಿದ್ದ. ಅವನ ಬಾಯಿಂದ ಆ ಮಾತು ಬಾರದಿದ್ದಾಗಲೇ ನನಗೆ ಗೊತ್ತಾಯಿತು: ಇಷ್ಟು ದಿನ ಅದು ಆಗಲಿ ಎಂದು ನನಗಿಂತ ಹೆಚ್ಚು ಬಯಸಿದ್ದವನು ಅವನೇ.

ಮೊದಲು ಎಚ್ಚೆತ್ತವಳು ಅವ್ವ. “ಅಯ್ಯ, ಸತ್ತೋರ ಮನಿಯಾಗ ಕುಂತಂಗ ಯಾಕ ಕುಂತೀರಿ ಇಬ್ರೂ? ನುಚ್ಚು ಬಿದ್ದೈತಿ. ನುಚ್ಚು ಆರಿಸಿದ್ರಾತು.” ಕೇರುವ ಮೊರ ತಂದು ಕೆಳಗಿಟ್ಟಳು. ಡಬ್ಬಿಯ ಮುಚ್ಚಳ ತೆಗೆದು, ಮಾಮಾನೂ ನಾನೂ ಅದನ್ನು ಮಗುವಿನಂತೆ ಎತ್ತಿ ಬೋರಲು ಹಿಡಿದು ತಟ್ಟಿದೆವು. ಮೊರದ ತುಂಬ ಹಳದಿ ನುಚ್ಚು. ಫ್ಯಾನಿನ ಎಲೆಗಳ ಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ಅವ್ವ ತನ್ನ ತುರುಬಿನ ಪಿನ್ನಿನಿಂದ ಎಬ್ಬಿಸಿದಳು. ನೀಲಿ ದೀಪದ ಆ ತರುಣರು ಯಾವ ವಿಡಿಯೊದಲ್ಲೂ ಕಂಪ್ಯೂಟರನ್ನು ಕೇರಿ ತೋರಿಸಿಲ್ಲ. ಒದ್ದೆ ಅರಿಸಿನ ಒಣಗಲೆಂದು ಮರುದಿನದವರೆಗೆ ಬಿಟ್ಟೆವು. ಬೆಳಗ್ಗೆ ಮಾಮಾ ಅಂಗಡಿ ತೆರೆಯದೆ ಸೀದಾ ನಮ್ಮ ಮನೆಗೆ ಬಂದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ದೂರ ನಿಂತ.

ಒತ್ತಿದೆ. ತಿರುಗಿತು. ಬೆಳಗಿತು. ಬೆಳಗಿಯೇ ಇತ್ತು.

ಆ ನುಚ್ಚನ್ನು ಅವ್ವ ತೊಳೆದು ಮಧ್ಯಾಹ್ನ ಮಜ್ಜಿಗೆಯ ಜೊತೆ ಬಡಿಸಿದಳು. ಉಣ್ಣುವಾಗ ನನಗೆ ಹೊಳೆದದ್ದನ್ನು ನಿಮಗೆ ಹೇಳಬೇಕು, ದೊಡ್ಡ ವಿಚಾರವೇನಲ್ಲ. ನುಚ್ಚು ಬೇರೆ ಜಾತಿಯ ಕಾಳಲ್ಲ. ಅದೇ ಗದ್ದೆ, ಅದೇ ನೀರು, ಅದೇ ತೆನೆ. ಗಿರಣಿಯ ಪೆಟ್ಟು ತಿಂದು ಮುರಿದದ್ದಷ್ಟೇ ವ್ಯತ್ಯಾಸ. ಆದರೆ ಜರಡಿ ಪೆಟ್ಟಿನ ಕಥೆ ಕೇಳುವುದಿಲ್ಲ, ಅಳತೆ ಮಾತ್ರ ನೋಡುತ್ತದೆ. ನಮ್ಮ ಮನೆತನ ಎಷ್ಟು ಜರಡಿಗಳ ಕೆಳಗೆ ಬಿದ್ದಿತ್ತು! ಅಪ್ಪ ಸಾಲೆಯ ಮೆಟ್ಟಿಲಲ್ಲೇ ಬಿದ್ದ. ಅವ್ವನಿಗೆ ಸಾಲೆ ಎಂಬ ಜರಡಿಯ ಮೇಲೆ ಹಾಕಿಸಿಕೊಳ್ಳುವ ಭಾಗ್ಯವೂ ಸಿಗಲಿಲ್ಲ. ನನಗೆ ಇಂಗ್ಲಿಷ್ ಒಂದು ಜರಡಿಯಾಗಿತ್ತು, ಬಸ್ಸಿನ ಹೊತ್ತು ಒಂದು, ಲ್ಯಾಪ್‌ಟಾಪು ಇನ್ನೊಂದು. ಮೇಲೆ ನಿಂತವರೆಲ್ಲ ಇಡಿಕಾಳುಗಳೆಂದೂ ಬಿದ್ದವರೆಲ್ಲ ಕಡಿಮೆಯವರೆಂದೂ ನಾನೇ ನಂಬಿಕೊಂಡಿದ್ದೆ. ಆದರೆ ನನ್ನ ಮುಂದೆ ಗುಂಯ್‌ಗುಡುತ್ತಿದ್ದ ಈ ಯಂತ್ರ ಏನು ಮತ್ತೆ? ಯಾರೋ ಬಾಗಿಲು ಹಾಕಿದ್ದರ ಚೂರು, ಯಾರೋ ಸವೆಸಿದ್ದರ ಚೂರು, ಗಿರಣಿ ಬಿಸಾಕಿದ್ದರ ಚೂರು. ನಾಲ್ಕು ಊರುಗಳ ನುಚ್ಚು ಕೂಡಿ ಒಂದು ಅನ್ನವಾಗಿತ್ತು.

ಅದರ ಮೇಲೆಯೇ ತಂತ್ರಾಂಶ ಬರೆದೆ. ಗಿರಣಿಗೆ ಬಂದ ಚೀಲ, ಹೋದ ಚೀಲ, ಯಾವ ಹಮಾಲ ಎಷ್ಟು ಹೊತ್ತ ಎಂಬುದನ್ನು ತೋರಿಸುವ ತಂತ್ರಾಂಶ. ಪರೀಕ್ಷಕರು ನಡೆಸಿ ನೋಡಿ, ಇದರ ಅಗತ್ಯವಾದರೂ ಏನು ಎಂದು ಕೇಳಿದರು. “ನಮ್ಮಪ್ಪ ಹೊತ್ತ ಚೀಲ ಎಷ್ಟೂಂತ ನಮ್ಮಪ್ಪಗ ಗೊತ್ತಾಗಬೇಕ್ರಿ ಸರ್,” ಎಂದೆ. ಇಂಗ್ಲಿಷಿನಲ್ಲಿ ಕಂಠಪಾಠ ಮಾಡಿಕೊಂಡು ಹೋಗಿದ್ದ ಉತ್ತರ ಬೇರೆಯೇ ಇತ್ತು; ಆ ಹೊತ್ತಿಗೆ ಬಾಯಿಗೆ ಬಂದದ್ದು ಇದು.

ಮೊನ್ನೆ ಪದವಿಯ ಪ್ರಮಾಣಪತ್ರ ಕೈಗೆ ಬಂತು. ಮನೆಗೆ ತಂದಾಗ ಅಪ್ಪ ಮುಟ್ಟಲು ಹೆದರಿದ, ಅವ್ವ ದೇವರ ಮುಂದಿಟ್ಟು ತೆಗೆದಳು. ಮಾಮಾ ಕಂಪ್ಯೂಟರಿನ ನೆತ್ತಿಯ ಮೇಲೆ ಕೈ ಊರಿಕೊಂಡು ನಿಂತಿದ್ದ. ಅವನ ಕೈಗೆ ಕೊಡಹೋದೆ. ಅಂಗೈಯನ್ನು ಅಂಗಿಗೆ ಗಸಗಸ ಒರೆಸಿಕೊಂಡ. ಆ ಚುಕ್ಕಿಗಳು ಒರೆಸಿದರೆ ಹೋಗುವಂಥವಲ್ಲ. ಆಮೇಲೆ ಎರಡೂ ಕೈಯಲ್ಲಿ ಪ್ರಮಾಣಪತ್ರ ಹಿಡಿದು, ಬಾಗಿಲಿಗೆ ಹೋಗಿ, ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ, ಮೂಲೆಯಿಂದ ಮೂಲೆಗೆ ನೋಡತೊಡಗಿದ.

“ಮಾಮಾ, ಅದು ಜರಡಿ ಅಲ್ಲೋ, ಸರ್ಟಿಫಿಕೇಟ್,” ಎಂದೆ.

“ಗೊತ್ತೈತಿ, ಸುಮ್ನಿರಬೇ,” ಎಂದ. ನೋಡಿ ಮುಗಿಸಲು ಬಹಳ ಹೊತ್ತು ತೆಗೆದುಕೊಂಡ. ಕೊನೆಗೆ ಅದನ್ನು ಇಳಿಸಿ ನನ್ನ ಕೈಗೆ ಕೊಟ್ಟ.

“ಎಲ್ಲೂ ಒಂದೂ ತೂತಿಲ್ಲ ರತ್ನಿ. ಇನ್ನ ನೀ ಕೆಳಗ ಬೀಳಂಗಿಲ್ಲ.”